ನೇತ್ರಾಣಿಗೆ ಹೊರಟವರು ಯಾವ ಲೆನ್ಸ್ ಒಯ್ಯಬೇಕು?

ದಾವಣಗೆರೆಯಲ್ಲಿ ಒಳ್ಳೆಯ ಕ್ಯಾಮೆರಾಗಳಿಗೆ ಬರವಿಲ್ಲ. ಲಗ್ನದ ದಿನಗಳಲ್ಲಿ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಒಂದು ಫುಲ್‌ಫ್ರೇಮ್ ಮಿರರ್‌ಲೆಸ್, ಒಂದು 24-70 ಮಿ.ಮೀ. ಲೆನ್ಸ್, ಒಂದು 70-200 ಕಣ್ಣಿಗೆ ಬೀಳುತ್ತವೆ. ಧನುರ್ಮಾಸ ಬಂತೆಂದರೆ ಮುಹೂರ್ತಗಳಿಲ್ಲ, ಫೋಟೊಗ್ರಾಫರುಗಳಿಗೆ ಬಿಡುವು. ಅದೇ ಹೊತ್ತಿಗೆ ಮುರುಡೇಶ್ವರದ ಕಡಲೂ ಶಾಂತವಾಗಿರುತ್ತದೆ. ಶಿವಮೊಗ್ಗ, ಸಾಗರ, ಹೊನ್ನಾವರದ ದಾರಿ ಹಿಡಿದು ನೇತ್ರಾಣಿ ದ್ವೀಪಕ್ಕೆ ಹೋಗೋಣ ಎಂದು ಗುಂಪು ಸೇರಿದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಅಣ್ಣ, ನನ್ನ ಹತ್ರ ಇರೋ 24-70ನೇ ಕವರ್‌ಗೆ ಹಾಕಿ ನೀರಿಗಿಳಿಸಿದ್ರೆ ಆಗಲ್ವಾ?”

ಆಗುತ್ತದೆ, ಫೋಟೊ ಬರುತ್ತದೆ. ಆದರೆ ಮಂಟಪದಲ್ಲಿ ಆ ಲೆನ್ಸಿಗೆ ಕೊಟ್ಟ ದುಡ್ಡು ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ನೀರೊಳಗೆ ಕಾಣುವುದಿಲ್ಲ. ಕೆಲವು ವಿಷಯಗಳಲ್ಲಿ ಕ್ಯಾಮೆರಾ ಜೊತೆ ಬಂದ ಅಗ್ಗದ 18-55 ಅದಕ್ಕಿಂತ ವಾಸಿ. ಈ ಬರಹ ಟ್ಯಾಂಕ್ ಕಟ್ಟಿಕೊಂಡು ಆಳಕ್ಕಿಳಿಯುವವರಿಗಲ್ಲ. ಮುಖಕ್ಕೆ ಮಾಸ್ಕ್, ಬಾಯಿಗೆ ಕೊಳವೆ ಇಟ್ಟುಕೊಂಡು ಮೇಲ್ಮೈಯಲ್ಲಿ ತೇಲುವ, ಹೆಚ್ಚೆಂದರೆ ಉಸಿರು ಬಿಗಿಹಿಡಿದು ಒಂದಾಳು ಆಳಕ್ಕೆ ಹೋಗಿಬರುವವರಿಗೆ, ಅಂದರೆ ಸ್ನಾರ್ಕೆಲಿಂಗ್ ಮಾಡುವವರಿಗೆ.

ಮೊದಲು ಅಳೆಯಬೇಕಾದ್ದು ದೂರ

ಲೆನ್ಸ್ ಆರಿಸುವಾಗ ಎಲ್ಲರೂ ಮೀನಿನ ಲೆಕ್ಕ ಹಾಕುತ್ತಾರೆ: ಸಣ್ಣ ಮೀನಾದರೆ ಜೂಮ್, ದೊಡ್ಡದಾದರೆ ವೈಡ್. ನೆಲದ ಮೇಲೆ ಸರಿ. ನೀರಿನಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ, ನೀವು ಆ ಮೀನಿಗೆ ಎಷ್ಟು ಹತ್ತಿರ ಹೋಗಬಲ್ಲಿರಿ?

ಯಾಕೆಂದರೆ ನೀರು ಗಾಳಿಯಷ್ಟು ಪಾರದರ್ಶಕವಲ್ಲ. ಬೆಳಕಿನ ಕೆಂಪನ್ನು ಅದು ಮೊದಲು ನುಂಗುತ್ತದೆ, ಆಮೇಲೆ ಕಿತ್ತಳೆ, ಹಳದಿ. ಇದು ಆಳದ ಲೆಕ್ಕವಷ್ಟೇ ಅಲ್ಲ. ಬಿಸಿಲು ಮೇಲಿನಿಂದ ಎರಡು ಮೀಟರ್ ಇಳಿದು ಮೀನಿಗೆ ತಾಗಿ, ಅಲ್ಲಿಂದ ಮೂರು ಮೀಟರ್ ಅಡ್ಡ ಹಾಯ್ದು ನಿಮ್ಮ ಲೆನ್ಸಿಗೆ ಬಂದರೆ ಒಟ್ಟು ಐದು ಮೀಟರ್ ನೀರನ್ನು ದಾಟಿದಂತಾಯಿತು. ಅಷ್ಟರಲ್ಲಿ ಕೆಂಪು ಬಹುಪಾಲು ಸೋರಿರುತ್ತದೆ. ಇದರ ಜೊತೆಗೆ ಪಶ್ಚಿಮ ಕರಾವಳಿಯ ನೀರಿನಲ್ಲಿ ತೇಲುವ ಕಣಗಳು ಬೇರೆ. ಜೂಮ್ ತಿರುಗಿಸಿದರೆ ಮೀನು ದೊಡ್ಡದಾಗುತ್ತದೆ, ನಡುವಿನ ನೀರು ಕಡಿಮೆಯಾಗುವುದಿಲ್ಲ. ದೊಡ್ಡದಾಗಿ, ಮಸುಕಾಗಿ, ನೀಲಿಯಾಗಿ ಸಿಗುತ್ತದೆ ಅಷ್ಟೆ. ನೀರೊಳಗಿನ ಫೋಟೊಗ್ರಾಫರುಗಳು ವೈಡ್ ಲೆನ್ಸನ್ನು ಇಷ್ಟಪಡುವುದು ಹೆಚ್ಚು ಜಾಗ ಹಿಡಿಯಲಿ ಎಂದಲ್ಲ. ಹತ್ತಿರ ಹೋದರೂ ಚೌಕಟ್ಟಿನಲ್ಲಿ ಎಲ್ಲ ಹಿಡಿಸಲಿ ಎಂದು.

ಸ್ನಾರ್ಕೆಲಿಂಗ್ ಮಾಡುವವರ ಕಷ್ಟ ಇರುವುದೂ ಇಲ್ಲಿಯೇ. ನೇತ್ರಾಣಿಯಲ್ಲಿ ದೋಣಿಯಿಂದ ಇಳಿಯುವ ಬಹುತೇಕರು ಲೈಫ್ ಜಾಕೆಟ್ ತೊಟ್ಟಿರುತ್ತಾರೆ. ಜೀವ ಉಳಿಸುವ ಆ ಜಾಕೆಟ್ಟೇ ನಿಮ್ಮನ್ನು ಮೇಲ್ಮೈಗೆ ಅಂಟಿಸಿಬಿಡುತ್ತದೆ, ಕೆಳಗೆ ಹೋಗಲು ಬಿಡುವುದಿಲ್ಲ. ಬಂಡೆ ಹತ್ತು ಅಡಿ ಕೆಳಗಿದ್ದರೆ ಮೀನು ನಿಮ್ಮಿಂದ ಹತ್ತು ಅಡಿ ದೂರ, ಮಾತು ಮುಗಿಯಿತು. ಹತ್ತು ಅಡಿ ದೂರದಲ್ಲಿರುವ ಒಂದು ಅಡಿ ಉದ್ದದ ಪ್ಯಾರಟ್ ಮೀನು ಆರು ಡಿಗ್ರಿಗಿಂತ ಕಡಿಮೆ ಜಾಗ ತೆಗೆದುಕೊಳ್ಳುತ್ತದೆ. 180 ಡಿಗ್ರಿ ನೋಡುವ, ಗೆರೆ ಬಾಗಿಸುವ ಫಿಶ್‌ಐ ಹಾಕಿದರೆ ಅದು ಚೌಕಟ್ಟಿನ ಕರ್ಣದ ಮೂವತ್ತನೇ ಒಂದು ಭಾಗ. ಚಪ್ಪಟೆ ಗಾಜಿನ ಹಿಂದೆ 35 ಮಿ.ಮೀ. ಹಾಕಿದರೆ ಅಗಲದ ಸುಮಾರು ಎಂಟನೇ ಒಂದು ಭಾಗ. ಹೀಗಾಗಿ ‘ನೀರಿಗೆ ಫಿಶ್‌ಐಯೇ ಶ್ರೇಷ್ಠ’ ಎಂಬ ಡೈವರುಗಳ ಸಲಹೆ ಜಾಕೆಟ್ ತೊಟ್ಟವರಿಗೆ ಅನ್ವಯಿಸುವುದಿಲ್ಲ. ಈಜು ಬರುತ್ತದೆ, ಜಾಕೆಟ್ ಇಲ್ಲದೆ ಎರಡು ಮೂರು ಮೀಟರ್ ಕೆಳಗೆ ಹೋಗಿಬರುತ್ತೇನೆ, ದೋಣಿಯವರೂ ಅದಕ್ಕೆ ಒಪ್ಪಿದ್ದಾರೆ ಎನ್ನುವವರಿಗೆ ಮಾತ್ರ ಅದು ಸರಿ.

ಚಪ್ಪಟೆ ಗಾಜೋ, ಗುಮ್ಮಟದ ಗಾಜೋ

ಲೆನ್ಸಿಗಿಂತ ಮುಂದೆ ಇರುವುದು ಹೌಸಿಂಗಿನ, ಅಂದರೆ ಕ್ಯಾಮೆರಾ ಕೂರುವ ನೀರು ಸೋರದ ಪೆಟ್ಟಿಗೆಯ, ಗಾಜು. ಅದನ್ನು ಪೋರ್ಟ್ ಎನ್ನುತ್ತಾರೆ. ಅರ್ಧ ತೀರ್ಮಾನ ಇಲ್ಲೇ ಆಗುವುದರಿಂದ ಸ್ವಲ್ಪ ನಿಧಾನವಾಗಿ ಓದಿ.

ಪೋರ್ಟ್ ಚಪ್ಪಟೆಯಾಗಿದ್ದರೆ ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಅದರಿಂದಾಗಿ ಎಲ್ಲವೂ ಮುಕ್ಕಾಲು ದೂರದಲ್ಲಿದ್ದಂತೆ, ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಲೆನ್ಸಿನ ಕಡೆಯಿಂದ ನೋಡಿದರೆ ಅದರ ನೋಟದ ಕೋನ ಕಿರಿದಾಯಿತು. ಫುಲ್‌ಫ್ರೇಮ್ ಮೇಲೆ 84 ಡಿಗ್ರಿ ನೋಡುವ 24 ಮಿ.ಮೀ. ಲೆನ್ಸ್ ನೀರಿನಲ್ಲಿ ಸುಮಾರು 60 ಡಿಗ್ರಿಗೆ ಇಳಿಯುತ್ತದೆ, ಅಂದರೆ 37 ಮಿ.ಮೀ. ಹಾಕಿದಂತೆ. ಇನ್ನೊಂದು ಮಿತಿಯೂ ಇದೆ. ಎಷ್ಟೇ ಅಗಲದ ಲೆನ್ಸ್ ತಂದರೂ ಚಪ್ಪಟೆ ಗಾಜಿನ ಮೂಲಕ ಸುಮಾರು 97 ಡಿಗ್ರಿಗಿಂತ ಹೆಚ್ಚು ಕಾಣಲಾರದು. ಆ ಮಿತಿಯ ಹತ್ತಿರ ಬರುವ ಮೊದಲೇ ಅಂಚುಗಳು ಹಿಗ್ಗಿ, ಬಣ್ಣಗಳು ಒಡೆದು, ಚಿತ್ರ ಕೆಟ್ಟಿರುತ್ತದೆ.

ಇದನ್ನು ಕಣ್ಣಾರೆ ನೋಡಲು ಸಮುದ್ರಕ್ಕೆ ಹೋಗಬೇಕಿಲ್ಲ. ಊರಿನ ಈಜುಕೊಳ ಸಾಕು. ಭದ್ರಾ ಕಾಲುವೆಯೋ ಸೂಳೆಕೆರೆಯೋ ಬೇಡ, ಆ ಕೆಂಪು ಮಣ್ಣಿನ ನೀರಿನಲ್ಲಿ ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ. ಕೊಳದ ಗೋಡೆಯಿಂದ ಒಂದು ಮೀಟರ್ ದೂರ ನಿಂತು, ನೀರಿನ ಮೇಲಿರುವ ಟೈಲ್ಸ್‌ಗಳ ಒಂದು ಫೋಟೊ ತೆಗೆಯಿರಿ. ಅಲ್ಲೇ ಕ್ಯಾಮೆರಾ ಮುಳುಗಿಸಿ, ಅಷ್ಟೇ ದೂರದಿಂದ ಕೆಳಗಿನ ಟೈಲ್ಸ್‌ಗಳ ಇನ್ನೊಂದು. ಎರಡರಲ್ಲೂ ಅಡ್ಡಕ್ಕೆ ಎಷ್ಟು ಟೈಲ್ಸ್ ಬಂದವು ಎಣಿಸಿ. 50 ಮಿ.ಮೀ. ಆಸುಪಾಸಿನ ಲೆನ್ಸಿನಲ್ಲಿ ಮೇಲೆ ಎಂಟು ಇದ್ದದ್ದು ಕೆಳಗೆ ಆರಕ್ಕೆ ಬರುತ್ತದೆ. 24ರಲ್ಲಿ ಹದಿನೇಳು ಇದ್ದದ್ದು ಹನ್ನೊಂದಕ್ಕೆ ಬರುತ್ತದೆ, ಅಂದರೆ ಲೆನ್ಸ್ ಅಗಲವಾದಷ್ಟೂ ನಷ್ಟ ಹೆಚ್ಚು. ಜೊತೆಗೆ ಅಂಚಿನ ಟೈಲ್ಸ್‌ಗಳ ನಡುವಿನ ಸಿಮೆಂಟ್ ಗೆರೆ ನೇರವಾಗಿರದೆ ನಡುವಿನ ಕಡೆಗೆ ಬಳುಕಿರುತ್ತದೆ, ಗೆರೆಯ ಒಂದು ಬದಿಗೆ ನೀಲಿ, ಇನ್ನೊಂದು ಬದಿಗೆ ಕೆಂಪು ಅಂಟಿರುತ್ತದೆ.

ಗುಮ್ಮಟದ ಗಾಜು, ಅಂದರೆ ಡೋಮ್ ಪೋರ್ಟ್, ಈ ಕೋನವನ್ನು ಉಳಿಸಿಕೊಡುತ್ತದೆ. 84 ಡಿಗ್ರಿ 84 ಆಗಿಯೇ ಇರುತ್ತದೆ. ಆದರೆ ಅದರ ಹೊಡೆತ ಬೇರೆ ಕಡೆ ಬೀಳುತ್ತದೆ. ಡೋಮ್ ಮುಂದಿನ ನೀರು ತಾನೇ ಒಂದು ಲೆನ್ಸಾಗಿ, ದೂರದ ವಸ್ತುಗಳ ಪ್ರತಿಬಿಂಬವನ್ನು ಗಾಜಿನ ಮುಂದೆಯೇ ತಂದು ನಿಲ್ಲಿಸುತ್ತದೆ. ಹತ್ತು ಸೆಂ.ಮೀ. ತ್ರಿಜ್ಯದ ಡೋಮ್ ಆದರೆ ದಿಗಂತದಷ್ಟು ದೂರದ್ದೂ ಗಾಜಿನಿಂದ ಸುಮಾರು 30 ಸೆಂ.ಮೀ.ನಲ್ಲಿ ಇದೆಯೆಂದೇ ಕ್ಯಾಮೆರಾ ತಿಳಿಯುತ್ತದೆ. ಅರ್ಧ ಮೀಟರ್ ದೂರದ ಮೀನು ಸುಮಾರು 17 ಸೆಂ.ಮೀ.ನಲ್ಲಿ! ಹಾಗಾಗಿ ಡೋಮ್ ಹಿಂದೆ ಕೂರುವ ಲೆನ್ಸಿಗೆ ಹತ್ತಿರದ ಫೋಕಸ್ ಬರಲೇಬೇಕು. ಆ ಪ್ರತಿಬಿಂಬ ಚಪ್ಪಟೆಯಾಗಿರದೆ ಬಾಗಿರುವುದರಿಂದ ನಡು ಚೂಪಾಗಿದ್ದಾಗ ಮೂಲೆಗಳು ಮಸುಕು. ಅದಕ್ಕೆ ಮದ್ದು ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಕಿರಿದುಮಾಡಿ ಎಫ್/8, ಫುಲ್‌ಫ್ರೇಮ್ ಆದರೆ ಎಫ್/11ಕ್ಕೆ ಇಳಿಸುವುದು.

ಮನೆಯಲ್ಲಿರುವ ಲೆನ್ಸುಗಳು

ಈಗ 24-70 ಎಫ್/2.8ರ ವಿಷಯಕ್ಕೆ ಬರೋಣ. ನೀವು ದುಡ್ಡು ಕೊಟ್ಟದ್ದು ಆ 2.8ಕ್ಕೆ, ಅಂದರೆ ಕಿಂಡಿ ಅಷ್ಟು ಅಗಲ ತೆರೆಯುವುದಕ್ಕೆ. ಡೋಮ್ ಹಿಂದೆ ಎಫ್/11ರಲ್ಲಿ ತೆಗೆಯಬೇಕೆಂದ ಮೇಲೆ ಅದಕ್ಕೆ ಕೆಲಸವಿಲ್ಲ. ಕ್ಯಾನನ್‌ನ 24-70 ಎರಡನೇ ಆವೃತ್ತಿಯ ಕನಿಷ್ಠ ಫೋಕಸ್ ದೂರ 38 ಸೆಂ.ಮೀ., ಅದೂ ಸೆನ್ಸರಿನಿಂದ ಅಳೆದದ್ದು. ಮೇಲಿನ ಲೆಕ್ಕ ಹಿಡಿದರೆ ಅರ್ಧ ಮೀಟರಿಗಿಂತ ಹತ್ತಿರ ಬಂದ ಮೀನಿಗೆ ಅದು ಫೋಕಸ್ ಹುಡುಕುತ್ತಾ ಹಿಂದೆ ಮುಂದೆ ಓಡಾಡುವುದೇ ಹೆಚ್ಚು. ಸಾಧಾರಣ 18-55 ಕಿಟ್ ಲೆನ್ಸ್ ಸುಮಾರು 25 ಸೆಂ.ಮೀ.ವರೆಗೆ ಬರುತ್ತದೆ. ಹಗುರ, ಚಿಕ್ಕದು, ಹಾಳಾದರೂ ಹೊಟ್ಟೆ ಉರಿಯುವುದಿಲ್ಲ. ಜಾಕೆಟ್ ತೊಟ್ಟು ತೇಲುವವರಿಗೆ ಚಪ್ಪಟೆ ಪೋರ್ಟಿನ ಹಿಂದೆ ಇದೇ ನನ್ನ ಆಯ್ಕೆ. 18ರಲ್ಲಿ ಜೊತೆಗಾರರು, 35ರ ಆಸುಪಾಸಿನಲ್ಲಿ ಕೆಳಗಿನ ಮೀನು. ಬೆರಗುಗೊಳಿಸುವ ಚಿತ್ರ ಬರಲಾರದು, ಆದರೆ ಮೀನು ಮೀನಿನಂತೆ ಕಾಣುತ್ತದೆ.

70-200 ಮನೆಯಲ್ಲೇ ಇರಲಿ. 50 ಎಫ್/1.8 ಕೂಡ.

ಫಿಶ್‌ಐ ಮತ್ತು ಗೆರೆ ಬಾಗಿಸದ ವೈಡ್

ಕೆಳಗೆ ಹೋಗಬಲ್ಲವರಿಗೆ ನಿಜವಾದ ಆಯ್ಕೆ ಇವೆರಡರ ನಡುವೆ. 10-18, 16-35ರಂಥ ಸಾಮಾನ್ಯ ವೈಡ್ ಲೆನ್ಸುಗಳು ನೇರ ಗೆರೆಯನ್ನು ನೇರವಾಗಿಯೇ ತೋರಿಸುತ್ತವೆ. ಮಂಟಪದ ಕಂಬ ಬಾಗಬಾರದು, ಸರಿ, ಅಲ್ಲಿ ಅದು ಬೇಕು. ಹವಳದ ಬಂಡೆಯಲ್ಲಿ ನೇರ ಗೆರೆ ಎಲ್ಲಿದೆ? ಫಿಶ್‌ಐ ಬಾಗಿಸಿದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಮನುಷ್ಯರ ಕೈಕಾಲು, ದೋಣಿಯ ಅಂಚು, ನೀರಿನ ಮೇಲಿನ ದಿಗಂತ ಮೂಲೆಗೆ ಬಂದಾಗ ಮಾತ್ರ ಗೊತ್ತಾಗುತ್ತದೆ.

ಡೋಮ್ ಬೆಲೆಯಲ್ಲೂ ಫಿಶ್‌ಐ ಗೆಲ್ಲುತ್ತದೆ. ನೇರ ಗೆರೆಯ ವೈಡ್‌ಗೆ ಮೂಲೆ ಸರಿಯಾಗಬೇಕಾದರೆ ಏಳೆಂಟು ಇಂಚಿನ ದೊಡ್ಡ ಡೋಮ್ ಬೇಕು. ಫಿಶ್‌ಐ ನಾಲ್ಕು ಇಂಚಿನ ಪುಟ್ಟ ಡೋಮ್‌ನಲ್ಲೂ ಹೊಂದಿಕೊಳ್ಳುತ್ತದೆ. ಅಲೆಯಲ್ಲಿ ಒಂದು ಕೈಯಲ್ಲಿ ದೋಣಿಯ ಹಗ್ಗ, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ನೋಡಿ, ನಾಲ್ಕಕ್ಕೂ ಎಂಟಕ್ಕೂ ಏನು ವ್ಯತ್ಯಾಸ ಎಂದು ತೋಳು ಹೇಳುತ್ತದೆ. ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ ಇದ್ದವರಿಗೆ ಟೋಕಿನಾ 10-17 ಹಳೆಯ ಲೆನ್ಸ್, ಆದರೆ ನೀರೊಳಗಿನವರು ಇಂದಿಗೂ ಬಿಟ್ಟುಕೊಡದ್ದು. 180ರಿಂದ 100 ಡಿಗ್ರಿವರೆಗೆ ಜೂಮ್ ಆಗುತ್ತದೆ, ಸೆನ್ಸರಿನಿಂದ 14 ಸೆಂ.ಮೀ.ಗೆ ಫೋಕಸ್ ಬರುತ್ತದೆ. ಮೀನು ಡೋಮ್‌ಗೆ ಮೂಗು ತಾಗಿಸಿದರೂ ಚಿತ್ರ ಸಿಗುತ್ತದೆ ಎಂದರ್ಥ. ಅದಕ್ಕಿಂತಲೂ ಚಿಕ್ಕ ಸೆನ್ಸರಿನ ಮೈಕ್ರೊ ಫೋರ್ ಥರ್ಡ್ಸ್‌ನವರಿಗೆ ಪ್ಯಾನಸಾನಿಕ್ 8 ಮಿ.ಮೀ. ಎಫ್/3.5, ಫುಲ್‌ಫ್ರೇಮ್ ಕ್ಯಾನನ್‌ನವರಿಗೆ 8-15 ಎಫ್/4. ಒಂದು ಎಚ್ಚರಿಕೆ, ಮೀನು ಒಂದು ಮೀಟರ್ ದಾಟಿದರೆ ಇವುಗಳಲ್ಲಿ ಅದು ಚುಕ್ಕಿಯಾಗುತ್ತದೆ. ಮೀನಿಗಿಂತ ಬಂಡೆ, ಹವಳ, ಮೇಲೆ ಹೊಳೆಯುವ ಬಿಸಿಲು, ಅದರ ನಡುವೆ ಈಜುವ ಗೆಳೆಯ, ಇಂಥದ್ದೇ ಬೇಕೆನ್ನುವವರು ಕಣ್ಣು ಮುಚ್ಚಿ ಫಿಶ್‌ಐ ತೆಗೆದುಕೊಳ್ಳಬಹುದು.

ಮ್ಯಾಕ್ರೊ, ಅಂದರೆ ತೀರ ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 60 ಮಿ.ಮೀ., 100 ಮಿ.ಮೀ. ಮ್ಯಾಕ್ರೊ ಲೆನ್ಸುಗಳು ಚಪ್ಪಟೆ ಪೋರ್ಟಿನ ಹಿಂದೆ ಅದ್ಭುತ, ಆದರೆ ಅದು ಟ್ಯಾಂಕ್ ಕಟ್ಟಿ ಮರಳಿನ ಬಳಿ ಹತ್ತು ನಿಮಿಷ ಅಲುಗಾಡದೆ ಇರಬಲ್ಲ ಡೈವರ್‌ಗೆ. ಮೇಲ್ಮೈಯಲ್ಲಿ ಅಲೆ ನಿಮ್ಮನ್ನು ಅತ್ತಿತ್ತ ತೂಗುವಾಗ ಅರ್ಧ ಸೆಂ.ಮೀ. ಫೋಕಸ್ ಪಟ್ಟಿಯನ್ನು ಏಡಿಯ ಕಣ್ಣಿನ ಮೇಲೆ ನಿಲ್ಲಿಸುವುದು ಆಗದ ಮಾತು.

ನೀರಲ್ಲೇ ಬಿಚ್ಚಿ ಹಾಕುವ ಲೆನ್ಸ್

ಕ್ಯಾಮೆರಾ ಮೇಲೆ ಕಿಟ್ ಲೆನ್ಸ್, ಮುಂದೆ ಚಪ್ಪಟೆ ಪೋರ್ಟ್, ಅದರ ಮುಂದೆ ನೀರಿನಲ್ಲೇ ತಿರುಗಿಸಿ ಹಾಕುವ ಅಥವಾ ಬಿಚ್ಚುವ ಇನ್ನೊಂದು ಲೆನ್ಸ್. ಇದಕ್ಕೆ ವೆಟ್ ಲೆನ್ಸ್ ಎನ್ನುತ್ತಾರೆ. ಸ್ನಾರ್ಕೆಲಿಂಗ್‌ಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ ಎಂಬುದು ನನ್ನ ಅಭಿಪ್ರಾಯ. ನೌಟಿಕ್ಯಾಮ್‌ನ ಡಬ್ಲ್ಯುಡಬ್ಲ್ಯುಎಲ್-1 ಹಾಕಿದರೆ 28 ಮಿ.ಮೀ.ಗೆ ಸಮನಾದ ಲೆನ್ಸ್ 130 ಡಿಗ್ರಿ ನೋಡುತ್ತದೆ. ದೂರದ ಮೀನು ಬಂತೆಂದರೆ ಬಿಚ್ಚಿ ಕೈಗೆ ಸಿಕ್ಕಿಸಿಕೊಂಡು ಬರಿಯ ಕಿಟ್ ಲೆನ್ಸಿನಲ್ಲೇ ತೆಗೆಯಬಹುದು. ಬೆಳಿಗ್ಗೆ ಯಾವ ಲೆನ್ಸ್ ಹಾಕಿ ಹೊರಟಿರೋ ಅದಕ್ಕೇ ದಿನವಿಡೀ ಅಂಟಿಕೊಳ್ಳಬೇಕಾದ ಕಷ್ಟವಿಲ್ಲ. ತೊಂದರೆಗಳು ಮೂರು: ಒಳ್ಳೆಯ ಗಾಜಿನವು ಭಾರ, ಬೆಲೆ ಕ್ಯಾಮೆರಾದಷ್ಟೇ ಆಗಬಹುದು, ಹಾಕುವಾಗ ಎರಡು ಗಾಜುಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ನೀರೊಳಗೆ ಸ್ವಲ್ಪ ಸಡಿಲಿಸಿ ಗುಳ್ಳೆ ಬಿಟ್ಟು ಮತ್ತೆ ಬಿಗಿಯಬೇಕು. ಕಟ್ಟಿಕೊಳ್ಳುವ ದಾರವಿಲ್ಲದೆ ನೀರಿಗೆ ತರಲೇಬೇಡಿ. ಕೈತಪ್ಪಿದರೆ ನೇತ್ರಾಣಿಯ ತಳ ಸೇರುತ್ತದೆ.

ನೀರಿಗೇ ಮುಖ ಕೊಡುವ ಲೆನ್ಸ್ ಹೊಸ ಯೋಚನೆಯೇನಲ್ಲ. ನಿಕಾನ್ ಸಂಸ್ಥೆ 1963ರಲ್ಲಿ ತಂದ ನಿಕೊನೋಸ್ ಕ್ಯಾಮೆರಾಗೆ ಹೌಸಿಂಗೇ ಬೇಕಿರಲಿಲ್ಲ, ಅದರ 15 ಮಿ.ಮೀ. ಲೆನ್ಸ್ ನೀರಿನಲ್ಲಷ್ಟೇ ಕೆಲಸ ಮಾಡುತ್ತಿತ್ತು. ಫಿಲ್ಮಿನ ಆ ಸರಣಿ 2001ರಲ್ಲಿ ನಿಂತಿತು. ಹಳೆಯ ಸಾಮಾನಿನಲ್ಲಿ ಸಿಕ್ಕರೆ ಶೋಕೇಸಿಗೆ ಚೆಂದ.

ಲೆನ್ಸ್ ಬದಲಿಸಲಾಗದ ಕ್ಯಾಮೆರಾಗಳೂ ಇವೆ

ವರ್ಷಕ್ಕೊಮ್ಮೆ ಹೋಗುವವರು ಹೌಸಿಂಗ್, ಡೋಮ್ ಎಂದು ಲಕ್ಷದ ಲೆಕ್ಕ ಹಾಕುವ ಮೊದಲು ಇವನ್ನು ನೋಡಲಿ. ಒಲಿಂಪಸ್ ಟಿಜಿ-6 (2019), ಅದರ ನಂತರದ ಟಿಜಿ-7 (2023) ಹೌಸಿಂಗ್ ಇಲ್ಲದೆಯೇ 15 ಮೀಟರ್ ಆಳ ತಾಳುತ್ತವೆ. 25-100 ಮಿ.ಮೀ.ಗೆ ಸಮನಾದ ಜೂಮ್ ಇದೆ. ಮೈಕ್ರೊಸ್ಕೋಪ್ ಮೋಡ್‌ನಲ್ಲಿ ಒಂದು ಸೆಂ.ಮೀ. ಹತ್ತಿರದ್ದನ್ನೂ ತೆಗೆಯುತ್ತವೆ. ಮುಂದೆ ಸಿಕ್ಕಿಸುವ ಫಿಶ್‌ಐ ಕನ್ವರ್ಟರ್ ಕೂಡ ಸಿಗುತ್ತದೆ. ಜಾಕೆಟ್ ತೊಟ್ಟವರಿಗೆ, ಇಳಿದುಹೋಗುವವರಿಗೆ ಇಬ್ಬರಿಗೂ ಒಗ್ಗುವ ಒಂದೇ ಕ್ಯಾಮೆರಾ ಹೇಳಿ ಎಂದರೆ ನಾನು ಹೇಳುವುದು ಇದನ್ನೇ. ಸೆನ್ಸರ್ ಚಿಕ್ಕದು, ಮೋಡದ ದಿನ ಚಿತ್ರ ಕಾಳುಕಾಳಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಗೋಪ್ರೊದಂಥ ಆಕ್ಷನ್ ಕ್ಯಾಮೆರಾಗಳು 10 ಮೀಟರ್‌ವರೆಗೆ ಸಾಕು. ವಿಡಿಯೊಗೆ, ಕೋಲಿಗೆ ಕಟ್ಟಿ ಕೆಳಗೆ ಚಾಚಲು ಇವಕ್ಕೆ ಸಾಟಿಯಿಲ್ಲ. ಜಾಕೆಟ್ ತೊಟ್ಟವರು ಒಂದು ಮೀಟರಿನ ಕೋಲು ಹಿಡಿದರೆ ಮೀನು ಒಂದು ಮೀಟರ್ ಹತ್ತಿರವಾಯಿತಲ್ಲ! ಲೆನ್ಸಿಗಿಂತ ಅಗ್ಗದ ಪರಿಹಾರ ಅದು. ಸ್ಟಿಲ್ ಫೋಟೊದಲ್ಲಿ ಮಾತ್ರ ದೂರದ ಮೀನು ಅಕ್ಕಿಕಾಳು.

ಫೋನನ್ನು ಪೌಚಿಗೆ ಹಾಕಿ ಇಳಿಯುವವರಿಗೆ ಎರಡು ಮಾತು. ಫೋನ್ ನೀರು ತಾಳುತ್ತದೆ ಎನ್ನುವ ಐಪಿ68 ಎಂಬುದು ಸಿಹಿನೀರಿನ ಪರೀಕ್ಷೆ, ಉಪ್ಪುನೀರಿಗೆ ಭರವಸೆಯಲ್ಲ, ಪೌಚ್ ಸೋರಿದರೆ ಗ್ಯಾರಂಟಿ ಸಿಗುವುದಿಲ್ಲ. ನೀರಿನಲ್ಲಿ ಪರದೆ ಬೆರಳಿಗೆ ಸ್ಪಂದಿಸುವುದಿಲ್ಲ, ವಾಲ್ಯೂಮ್ ಬಟನ್ ಒತ್ತಿ ತೆಗೆಯುವ ಏರ್ಪಾಡು ಮಾಡಿಕೊಳ್ಳಿ. 0.5 ಅಲ್ಟ್ರಾವೈಡ್ ಬೇಡ. ಪೌಚಿನ ಪ್ಲಾಸ್ಟಿಕ್ ಚಪ್ಪಟೆ ಪೋರ್ಟಿನಂತೆಯೇ ವರ್ತಿಸುತ್ತದೆ, ಅದೂ ಸುಕ್ಕುಬಿದ್ದ ಪೋರ್ಟ್. ಮುಖ್ಯ ಲೆನ್ಸೇ ಉತ್ತಮ.

ಅರ್ಧ ನೀರು, ಅರ್ಧ ಆಕಾಶ

ಮೇಲೆ ದೋಣಿ, ಕೆಳಗೆ ಬಂಡೆ, ನಡುವೆ ನೀರಿನ ಗೆರೆ. ಈ ಚಿತ್ರ ಬೇಕೆಂಬ ಒಂದೇ ಆಸೆಗೆ ದೊಡ್ಡ ಡೋಮ್ ಕೊಳ್ಳುವವರಿದ್ದಾರೆ. ಇದರಲ್ಲಿ ಸ್ನಾರ್ಕೆಲಿಂಗ್ ಮಾಡುವವರು ಡೈವರುಗಳಿಗಿಂತ ಅನುಕೂಲದಲ್ಲಿದ್ದಾರೆ, ಇರುವುದೇ ಮೇಲ್ಮೈಯಲ್ಲಿ. ಪುಟ್ಟ ಗಾಜಿನಲ್ಲಿ ಒಂದು ಸಣ್ಣ ಅಲೆಯೇ ಇಡೀ ಲೆನ್ಸನ್ನು ಮುಚ್ಚಿಬಿಡುತ್ತದೆ, ಎಂಟು ಇಂಚಿನಲ್ಲಿ ಗೆರೆ ತೆಳ್ಳಗೆ, ನಿಲ್ಲಿಸಲು ಸುಲಭ. ಗೋಪ್ರೊಗೆ ಸಿಗುವ ಆರಿಂಚಿನ ಅಕ್ರಿಲಿಕ್ ಡೋಮ್ ಇರುವುದೂ ಇದಕ್ಕೇ. ಫೋಕಸ್ ನೀರೊಳಗಿನ ಭಾಗಕ್ಕೆ ಇಡಿ, ಎಫ್/11ಕ್ಕಿಂತ ಕಿರಿದು ಮಾಡಿ. ಮೇಲಿನ ಬೆಳಕು ಕೆಳಗಿನದಕ್ಕಿಂತ ಯಾವಾಗಲೂ ಹೆಚ್ಚು, ಆದ್ದರಿಂದ ಸೂರ್ಯ ಬೆನ್ನಿಗಿರಲಿ. ಗಾಜಿಗೆ ಹನಿ ನಿಂತರೆ ಒಮ್ಮೆ ಮುಳುಗಿಸಿ ಎತ್ತಿ ತಕ್ಷಣ ಕ್ಲಿಕ್ ಮಾಡಿ.

ಡೋಮ್ ಗಾಜಿನದೋ ಅಕ್ರಿಲಿಕ್ಕೋ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಅಕ್ರಿಲಿಕ್‌ಗೆ ಗೀರು ಬೇಗ ಬೀಳುತ್ತದೆ, ಆದರೆ ಅದರ ಸೂಚ್ಯಂಕ (ಸುಮಾರು 1.49) ನೀರಿಗೆ ಹತ್ತಿರವಿರುವುದರಿಂದ ಸಣ್ಣ ಗೀರುಗಳು ಮುಳುಗಿದಾಗ ಮಾಯವಾಗುತ್ತವೆ, ಪಾಲಿಷ್ ಹಾಕಿದರೂ ಹೋಗುತ್ತವೆ. ಆದರೆ ಅರ್ಧ-ಅರ್ಧ ಚಿತ್ರದ ಮೇಲರ್ಧದಲ್ಲಿ ಗೀರು ಬಿಸಿಲಿಗೆ ಹೊಳೆಯುತ್ತದೆ. ಅದನ್ನೇ ಹೆಚ್ಚು ತೆಗೆಯುವವರು ಗಾಜಿಗೆ ದುಡ್ಡು ಕೊಡಲಿ, ಉಳಿದವರಿಗೆ ಅಕ್ರಿಲಿಕ್ ಧಾರಾಳ.

ಕೆಂಪು ಫಿಲ್ಟರ್ ಮಾರುವವರೂ ಸಿಗುತ್ತಾರೆ. ಅದು ಐದು ಮೀಟರ್‌ಗಿಂತ ಕೆಳಗೆ ಹೋಗುವವರ ಸಾಮಾನು. ಮೇಲ್ಮೈಯಲ್ಲಿ ಹಾಕಿದರೆ ಮನುಷ್ಯರೆಲ್ಲ ಕುಂಕುಮದ ನೀರಲ್ಲಿ ಮಿಂದವರಂತೆ ಕಾಣುತ್ತಾರೆ. ರಾ ಫೈಲ್ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಕಡತ) ತೆಗೆದು ಮನೆಗೆ ಬಂದು ವೈಟ್ ಬ್ಯಾಲೆನ್ಸ್ ಸರಿಮಾಡಿದರೆ ಸಾಕು. ಶಟರ್ 1/250ಕ್ಕಿಂತ ನಿಧಾನ ಬೇಡ. ಫ್ಲ್ಯಾಶ್ ಆಫ್ ಮಾಡಿ, ಅದು ಮೊದಲು ಬೆಳಗುವುದು ತೇಲುವ ಕಣಗಳನ್ನು. ನೇರ ಕೆಳಗೆ ಲೆನ್ಸ್ ತಿರುಗಿಸಿ ತೆಗೆದದ್ದೆಲ್ಲ ನಕಾಶೆಯಂತೆ ಚಪ್ಪಟೆಯಾಗಿರುತ್ತದೆ, ಕ್ಯಾಮೆರಾವನ್ನು ಆದಷ್ಟು ತೋಳಿನುದ್ದ ಕೆಳಗಿಳಿಸಿ ಓರೆಯಾಗಿ ಹಿಡಿಯಿರಿ. ಹಾಗೆಂದು ಹವಳದ ಮೇಲೆ ಕಾಲಿಡಬೇಡಿ. ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಹೊರಡುವ ಮೊದಲು, ಬಂದ ಮೇಲೆ

ಹೊಸ ಹೌಸಿಂಗನ್ನು ಕ್ಯಾಮೆರಾ ಸಮೇತ ಮೊದಲ ಸಲ ಸಮುದ್ರಕ್ಕೆ ಇಳಿಸುವುದು ಹುಚ್ಚು ಧೈರ್ಯ. ಕ್ಯಾಮೆರಾ ಇಲ್ಲದೆ, ಒಳಗೆ ಒಂದು ಟಿಶ್ಯೂ ಕಾಗದ ಇಟ್ಟು, ಮನೆಯ ನೀರಿನ ತೊಟ್ಟಿಯಲ್ಲಿ ಕಲ್ಲು ಹೇರಿ ಒಂದು ಗಂಟೆ ಮುಳುಗಿಸಿ. ಕಾಗದದ ಒಂದು ಮೂಲೆ ಒದ್ದೆಯಾಗಿದ್ದರೂ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ನೋಡಿ. ಬಹುತೇಕ ಸಲ ಒಂದು ಕೂದಲೋ ಮರಳಿನ ಕಣವೋ ಕೂತಿರುತ್ತದೆ. ಬೆರಳ ತುದಿಯಲ್ಲಿ ಸುತ್ತಲೂ ಸವರಿದರೆ ತಿಳಿಯುತ್ತದೆ. ಸಿಲಿಕೋನ್ ಗ್ರೀಸ್ ರಿಂಗ್ ಹೊಳೆಯುವಷ್ಟು ಸಾಕು, ಮೆತ್ತಿದರೆ ಅದೇ ಕೂದಲನ್ನು ಹಿಡಿದುಕೊಳ್ಳುತ್ತದೆ. ಹೌಸಿಂಗ್ ಮುಚ್ಚುವುದನ್ನು ಲಾಡ್ಜಿನ ಒಣ ಕೋಣೆಯಲ್ಲೇ ಮುಗಿಸಿ, ಒಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಇಡಿ. ದೋಣಿಯಲ್ಲಿ ಉಪ್ಪುಗಾಳಿಗೆ ತೆರೆದು ಮುಚ್ಚಿದರೆ ನೀರಿಗಿಳಿದ ಕೂಡಲೇ ಗಾಜಿಗೆ ಒಳಗಿನಿಂದ ಹಬೆ ಕಟ್ಟುತ್ತದೆ.

ವಾಪಸ್ ಬಂದು ದಾವಣಗೆರೆಯಲ್ಲಿ ತೊಳೆಯೋಣ ಎಂದರೆ ಅಷ್ಟರಲ್ಲಿ ಉಪ್ಪು ಬಟನ್‌ಗಳ ಸಂದಿಯಲ್ಲಿ ಗಟ್ಟಿಯಾಗಿರುತ್ತದೆ. ಮುರುಡೇಶ್ವರದಲ್ಲಿ ರೂಮಿಗೆ ಬಂದ ತಕ್ಷಣ, ಹೌಸಿಂಗ್ ತೆರೆಯುವ ಮೊದಲೇ, ಸಿಹಿನೀರಿನ ಬಕೆಟ್‌ನಲ್ಲಿ ಅರ್ಧ ಗಂಟೆ ನೆನೆಸಿ, ಒಳಗೆ ಮುಳುಗಿದ್ದಾಗಲೇ ಪ್ರತಿ ಬಟನ್ನನ್ನೂ ಹತ್ತಾರು ಸಲ ಒತ್ತಿ ಬಿಡಿ. ವೆಟ್ ಲೆನ್ಸ್ ಇದ್ದರೆ ಅದನ್ನೂ ಬಿಚ್ಚಿ ಅದೇ ಬಕೆಟ್‌ಗೆ ಹಾಕಿ, ಅದರ ತಿರುಪಿನ ಸುರುಳಿಯಲ್ಲೂ ಉಪ್ಪು ಕೂರುತ್ತದೆ.